ಮೂಯಿ ನೆಗೆ ಮತ್ತೆ ಹೊರಟಿದ್ದೇನೆ: ಹಳೆಯ ಸ್ನೇಹಿತರ ಮನೆಗೆ ಯಾವಾಗ ಹೋಗುವುದು ಸರಿ?

ಉಪ್ಪುಗಾಳಿ

ವಿಯೆಟ್ನಾಂನ ದಕ್ಷಿಣ ಕರಾವಳಿಯ ಮೂಯಿ ನೆ ಗೊತ್ತಿರುವವರು ಇಲ್ಲಿದ್ದರೆ ನಿಮ್ಮ ಸಲಹೆ ಬೇಕು.

2018-19ರಲ್ಲಿ ಸೌರ ವಿದ್ಯುತ್ ಸ್ಥಾವರವೊಂದರ ಕೆಲಸಕ್ಕಾಗಿ ಅಲ್ಲಿದ್ದೆ. 2019ರ ಜೂನ್ 30ರೊಳಗೆ ಉತ್ಪಾದನೆ ಶುರು ಮಾಡಿದ ಸ್ಥಾವರಗಳಿಗೆ ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್ ಕೊಡುವುದಾಗಿ ಅಲ್ಲಿನ ಸರ್ಕಾರ ಹೇಳಿತ್ತು. ಆ ಗಡುವು ಹಿಡಿಯಲು ಇಡೀ ಪ್ರಾಂತ್ಯವೇ ಓಡುತ್ತಿತ್ತು. ಹಗಲೆಲ್ಲ ಬಾಕ್ ಬಿನ್ ಕಡೆಯ ಬಿಸಿಲಿನಲ್ಲಿ ಕೇಬಲ್ ಎಳೆಸುವುದು, ರಾತ್ರಿ ಹಾಮ್ ಟಿಯೆನ್‌ನ ಒಂದು ಮನೆಯ ಹಿಂದಿನ ಕೋಣೆಯಲ್ಲಿ ಮಲಗುವುದು. ಮನೆಯೊಡತಿಯನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಸಮುದ್ರದ ಅಂಚಿನಲ್ಲಿ ಅವರದು ನಾಲ್ಕು ಮೇಜಿನ ಊಟದಂಗಡಿ. ಗಂಡ ಕಣವೆ, ಅಂದರೆ ಸ್ಕ್ವಿಡ್, ಹಿಡಿಯಲು ಹೋಗುತ್ತಿದ್ದರು. ಅಕ್ಕನ ಅಪ್ಪ ದಿನವಿಡೀ ಅಂಗಳದಲ್ಲಿ ಕುಳಿತು ಬಲೆ ಹೆಣೆಯುತ್ತಿದ್ದರು. ನನಗೆ ಡೆಂಗಿ ಜ್ವರ ಬಂದಾಗ ಆಸ್ಪತ್ರೆಯಲ್ಲಿ ಹಗಲು ಅಕ್ಕ, ರಾತ್ರಿ ಆ ಮುದುಕರು ಕಾದರು.

ಕೆಲಸ ಮುಗಿಸಿ ಬಂದ ಮೇಲೆ ಕೊರೊನಾ. 2022ರ ಮಾರ್ಚ್ 15ರವರೆಗೆ ಆ ದೇಶ ಪ್ರವಾಸಿಗರಿಗೆ ಪೂರ್ತಿ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಮುದುಕರು ತೀರಿಕೊಂಡರು. ಆಮೇಲೆ ನನ್ನ ಮದುವೆ, ಮಗು, ಮನೆಸಾಲ. ಝಾಲೋ ಎಂಬ ಅಲ್ಲಿನ ಸಂದೇಶದ ಆ್ಯಪ್‌ನಲ್ಲಿ, ಭಾಷಾಂತರ ತಂತ್ರಾಂಶದ ಕೃಪೆಯಿಂದ, ಮಾತು ನಡೆದೇ ಇದೆ. ಬರುವ ಟೆಟ್ ಹಬ್ಬಕ್ಕೆ (ಅಲ್ಲಿನ ಹೊಸ ವರ್ಷ), ಅಂದರೆ 2026ರ ಫೆಬ್ರವರಿ 17ಕ್ಕೆ, ಅಲ್ಲಿರಬೇಕು ಎಂದುಕೊಂಡಿದ್ದೇನೆ. ಮನೆಯಲ್ಲೇ ಉಳಿಯಿರಿ ಎಂದು ಅಕ್ಕನ ಹಟ. ಉಳಿಯಬಹುದೇ? ಏನು ಒಯ್ಯಲಿ?

ಮಲೆನಾಡಿನ ಮಳೆ

ಇದರಲ್ಲಿ ಯೋಚಿಸುವುದೇನಿದೆ? ಹೋಗಿ ಬನ್ನಿ. ನಮ್ಮ ತೋಟದ ಕಾಳುಮೆಣಸು ಒಂದು ಕಿಲೋ ಕೊಡುತ್ತೇನೆ, ಅಕ್ಕನಿಗೆ ಒಯ್ಯಿರಿ.

ಸೈಗಾನ್ ಸುಬ್ಬಣ್ಣ

ಮಳೆ ಮೇಡಂ, ಜಗತ್ತಿಗೆ ಅತಿ ಹೆಚ್ಚು ಕಾಳುಮೆಣಸು ರಫ್ತು ಮಾಡುವುದೇ ವಿಯೆಟ್ನಾಂ. ಗೋಡಂಬಿ ರಫ್ತಿನಲ್ಲೂ ಅವರದೇ ಮೊದಲ ಸ್ಥಾನ, ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಅವರೇ. ನಾವು ಹೆಮ್ಮೆಯಿಂದ ಕಟ್ಟಿಕೊಂಡು ಹೋಗುವ ಮೂರೂ ಅವರ ಅಡುಗೆಮನೆಯಲ್ಲಿ ಬಿದ್ದಿರುತ್ತವೆ. ನಿಮ್ಮ ಮೆಣಸನ್ನು ನನಗೆ ಕಳಿಸಿ, ಸಾರಿಗೆ ಹಾಕಿಕೊಳ್ಳುತ್ತೇನೆ.

ಉಪ್ಪುಗಾಳಿಯವರೇ, ಟೆಟ್‌ಗೆ ಹೋಗಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಹೊಸ ವರ್ಷದ ಮೊದಲ ದಿನ ಹೊಸ್ತಿಲು ದಾಟಿ ಬರುವ ಮೊದಲಿಗನ ಮೇಲೆ ಆ ಮನೆಯ ವರ್ಷದ ಅದೃಷ್ಟ ನಿಂತಿದೆ ಎಂದು ಇಲ್ಲಿನವರು ನಂಬುತ್ತಾರೆ. ಇಲ್ಲಿ ಪ್ರತಿ ವರ್ಷಕ್ಕೂ ಒಂದು ಪ್ರಾಣಿಯ ಹೆಸರಿದೆ; ಅವನ ಹುಟ್ಟಿದ ವರ್ಷದ ಪ್ರಾಣಿ ಮನೆಯೊಡೆಯನ ಪ್ರಾಣಿಗೆ ಹೊಂದಬೇಕು, ಅವನ ಮನೆಯಲ್ಲಿ ಸಾವಿನ ಸೂತಕ ಇರಬಾರದು. ಕೆಲವರು ಮೊದಲೇ ಯೋಗ್ಯ ವ್ಯಕ್ತಿಯನ್ನು ಗೊತ್ತುಮಾಡಿ ಕರೆಸಿಕೊಳ್ಳುತ್ತಾರೆ. ನೀವು ಆ ಮನೆಯಲ್ಲೇ ಇದ್ದು ಬೆಳಿಗ್ಗೆ ಕಡಲತೀರಕ್ಕೆ ಹೋಗಿ ವಾಪಸು ಬಂದರೆ ಏನಾಗುತ್ತದೆ, ಯೋಚಿಸಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರ್ಷದ ನಡುವೆ ಮೀನು ಸಿಗದಿದ್ದರೆ ನಿಮ್ಮ ನೆನಪು ಮಾಡಿಕೊಳ್ಳುತ್ತಾರೆ, ಅಷ್ಟೆ!

ಅದಕ್ಕಿಂತ ದೊಡ್ಡ ಕಾರಣ ಹೊಟ್ಟೆಪಾಡು. ಟೆಟ್‌ನ ಎರಡನೆಯ ದಿನದಿಂದ ಸೈಗಾನಿನ ಅರ್ಧ ಜನ ಮೂಯಿ ನೆಯಲ್ಲಿರುತ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಪಕ್ಕದ ಫಾನ್ ಥಿಯೆಟ್ ನಗರ ಮುಟ್ಟಿದ ಮೇಲಂತೂ ಕೇಳಲೇಬೇಡಿ. ಅಂಗಡಿಯವರಿಗೆ, ಜೀಪಿನವರಿಗೆ ವರ್ಷದ ದುಡಿಮೆ ಆ ವಾರದಲ್ಲೇ. ಅದೇ ವಾರ ನೀವು ಅವರ ಮನೆಯಲ್ಲಿ ಅತಿಥಿ! ಅಕ್ಕ ಅಂಗಡಿಗೆ ಬೀಗ ಹಾಕಿ ನಿಮಗೆ ಅಡುಗೆ ಮಾಡುತ್ತಾ ಕೂರುತ್ತಾರೆ, ನನಗೆ ಈ ಜನರ ಸ್ವಭಾವ ಗೊತ್ತು.

ಮನೆಯಲ್ಲಿ ಉಳಿಯುವುದಾದರೆ ಇನ್ನೊಂದು ವಿಷಯ. ವಿದೇಶಿ ಅತಿಥಿ ಬಂದ 12 ಗಂಟೆಯೊಳಗೆ ಮನೆಯವರು ಪೊಲೀಸರಿಗೆ ಮಾಹಿತಿ ಕೊಡಬೇಕು. ಹೋಟೆಲ್‌ನಲ್ಲಿ ಅವರೇ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಉಳಿದರೆ ಅದು ಅಕ್ಕನ ಜವಾಬ್ದಾರಿ, ತಪ್ಪಿದರೆ ದಂಡವೂ ಅವರದೇ.

ಬರಿ ಓದುಗ

ಒಂದು ಕಹಿ ಮಾತು, ಕ್ಷಮೆಯಿರಲಿ. ಬಾಡಿಗೆ ಕೊಟ್ಟು ಕೋಣೆಯಲ್ಲಿದ್ದವರು ನೀವು. ಪ್ರವಾಸಿ ಊರಿನವರು ಎಲ್ಲರೊಂದಿಗೂ ನಗುತ್ತಾರೆ, ಅದು ಅವರ ವೃತ್ತಿ. ಇಷ್ಟು ವರ್ಷಗಳ ನಂತರ ಹೋಗುವುದು ಅವರಿಗಾಗಿಯೋ, ನಿಮ್ಮ ಮೂವತ್ತರ ಹರೆಯವನ್ನು ಹುಡುಕಿಕೊಂಡೋ?

ಉಪ್ಪುಗಾಳಿ

ಎರಡಕ್ಕೂ ಇರಬಹುದು. ಆದರೆ ಬಾಡಿಗೆ ಕೊಟ್ಟದ್ದು ಕೋಣೆಗೆ. ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯಿಡೀ ಕುಳಿತ ಮುದುಕರಿಗೆ ನಾನು ಏನನ್ನೂ ಕೊಟ್ಟಿಲ್ಲ.

ಸುಬ್ಬಣ್ಣನವರೇ, ಅಂಗಡಿಯ ವಿಚಾರ ನನಗೆ ಹೊಳೆದೇ ಇರಲಿಲ್ಲ. ಹಾಗಾದರೆ ಯಾವಾಗ ಹೋಗಲಿ?

ಸೈಗಾನ್ ಸುಬ್ಬಣ್ಣ

ಆ ಮುದುಕರ ಪುಣ್ಯತಿಥಿ ಯಾವತ್ತು ಎಂದು ಕೇಳಿ, ಆ ದಿನಕ್ಕೆ ಹೋಗಿ. ಇಲ್ಲಿ ಅದಕ್ಕೆ ಯೊ ಎನ್ನುತ್ತಾರೆ. ಚಾಂದ್ರಮಾನದ ಲೆಕ್ಕ, ನಮ್ಮ ಹಾಗೆಯೇ. ಆದರೆ ನಮ್ಮಲ್ಲಿ ತಿಥಿಯ ಮನೆಗೆ ಕರೆಯದೆ ಹೋಗುವವರಿಲ್ಲ, ಹೋದರೂ ಮಾತು ಮೆಲ್ಲಗೆ. ಇಲ್ಲಿ ನೆಂಟರು, ನೆರೆಯವರು, ಸತ್ತವರ ದೋಣಿಯ ಜೊತೆಗಾರರು ಎಲ್ಲ ಸೇರುತ್ತಾರೆ. ಪೂಜೆಯ ಪೀಠಕ್ಕೆ ಅಡುಗೆ ಇಟ್ಟು, ಊದುಬತ್ತಿ ಉರಿದು ಮುಗಿಯುವವರೆಗೆ ಕಾದು, ಅದೇ ಊಟವನ್ನು ಎಲ್ಲರೂ ಕುಳಿತು ತಿನ್ನುತ್ತಾರೆ. ಬಿಯರ್ ಹರಿಯುತ್ತದೆ, ಹಾಡೂ ಇರುತ್ತದೆ. ಒಂದು ಟೆಟ್ ತಪ್ಪಿಸಿದರೆ ಯಾರೂ ಲೆಕ್ಕ ಇಡುವುದಿಲ್ಲ. ಯೊಗೆ ಸಮುದ್ರ ದಾಟಿ ಬಂದವನನ್ನು ಮಾತ್ರ ಮೂರು ತಲೆಮಾರು ಮರೆಯುವುದಿಲ್ಲ.

ಒಯ್ಯಬೇಕಾದದ್ದು: ಹಣ್ಣು ಅಲ್ಲೇ ಕೊಳ್ಳಿ. ಮೈಸೂರಿನ ಊದುಬತ್ತಿ ಒಯ್ಯಿರಿ, ಗಂಧದ ಸಾಬೂನು ಒಯ್ಯಿರಿ. ಏನೇ ಕೊಟ್ಟರೂ ಎರಡೂ ಕೈಯಲ್ಲಿ ಹಿಡಿದು ಕೊಡಿ. ಪೀಠಕ್ಕೆ ಊದುಬತ್ತಿ ಹಚ್ಚುವಾಗ ಒಂದು ಅಥವಾ ಮೂರು, ಎರಡು ಬೇಡ.

ಮಲ್ಪೆ ಬಂದರು

ಕಣವೆ ಎಂದಿರಿ, ಕಿವಿ ನೆಟ್ಟಗಾಯಿತು. ಅವರದು ಯಾವ ದೋಣಿ? ಚಿತ್ರಗಳಲ್ಲಿ ದುಂಡಗಿನ ಬುಟ್ಟಿ ಕಾಣುತ್ತದಲ್ಲ, ಅದರಲ್ಲಿ ಸಮುದ್ರಕ್ಕೆ ಇಳಿಯುತ್ತಾರೆಯೇ? ಹೊಳೆಯಲ್ಲಿ ಸರಿ, ಅಲೆಯಲ್ಲಿ ಹೇಗೆ?

ಉಪ್ಪುಗಾಳಿ

ಇಳಿಯುತ್ತಾರೆ ಮಾರಾಯರೇ. ತುಂಗಭದ್ರೆಯ ಹರಿಗೋಲಿನದೇ ಆಕಾರ. ನಮ್ಮಲ್ಲಿ ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹೊದಿಸುತ್ತಾರೆ. ಅವರು ಹೆಣೆದ ಬಿದಿರಿಗೆ ಸಗಣಿ ಮೆತ್ತಿ, ಮೇಲೆ ಮರದ ರಾಳ ಬಳಿಯುತ್ತಾರೆ. ಈಚೆಗೆ ಫೈಬರ್ ಬುಟ್ಟಿಗಳೇ ಹೆಚ್ಚು. ದೊಡ್ಡ ದೋಣಿ ಆಳದಲ್ಲಿ ಲಂಗರು ಹಾಕಿರುತ್ತದೆ, ಬುಟ್ಟಿ ಅದಕ್ಕೂ ದಡಕ್ಕೂ ನಡುವಿನ ಸವಾರಿ. ದಡದ ಹತ್ತಿರದ ಬಲೆಗೆ, ಗಾಳಕ್ಕೆ ಬುಟ್ಟಿಯೇ ಸಾಕು. ಅಲೆ ಬಂದಾಗ ಅದು ಅಲೆಯನ್ನು ಎದುರಿಸುವುದಿಲ್ಲ, ಮೇಲೆ ಹತ್ತಿ ಕೆಳಗಿಳಿಯುತ್ತದೆ. ಒಂದೇ ಹುಟ್ಟನ್ನು ಮುಂದೆ ಹಿಡಿದು ಎಂಟರ ಆಕಾರದಲ್ಲಿ ತಿರುಗಿಸಬೇಕು. ನಾನು ಪ್ರಯತ್ನಿಸಿದಾಗ ಬುಟ್ಟಿ ನಿಂತಲ್ಲೇ ಗಿರಗಿರ ಸುತ್ತಿತು, ದಡದಲ್ಲಿದ್ದ ಹೆಂಗಸರಿಗೆ ಒಂದು ವಾರದ ನಗು.

ಫ್ರೆಂಚರ ಕಾಲದಲ್ಲಿ ದೋಣಿ ತೆರಿಗೆ ತಪ್ಪಿಸಲು 'ಇದು ದೋಣಿಯಲ್ಲ, ಬುಟ್ಟಿ' ಎಂದು ವಾದಿಸಿ ಇದನ್ನು ಮಾಡಿಕೊಂಡರು ಎಂದು ಮಾರ್ಗದರ್ಶಿಗಳು ಕಥೆ ಹೇಳುತ್ತಾರೆ. ಕೇಳಲು ಚೆನ್ನಾಗಿದೆ.

ಮಲ್ಪೆ ಬಂದರು

ನಂಬುವಂತಿದೆ. ತೆರಿಗೆ ತಪ್ಪಿಸುವ ವಿಚಾರದಲ್ಲಿ ಎಲ್ಲ ಕಡಲಿನ ಮೀನುಗಾರರೂ ಒಂದೇ ಜಾತಿ.

ಕಲ್ಲುಬರಹ

ಅಲ್ಲಿವರೆಗೆ ಹೋದವರು ಫಾನ್ ಥಿಯೆಟ್‌ನಿಂದ ಮೂಯಿ ನೆಗೆ ಹೋಗುವ ದಾರಿಯ ಗುಡ್ಡದ ಮೇಲೆ ಪೊ ಸಾಹ್ ಇನು ಗೋಪುರಗಳನ್ನು ನೋಡದೆ ಬರಬೇಡಿ. ಹಿಂದಿನ ಚಂಪಾ ರಾಜ್ಯದ ದಕ್ಷಿಣ ತುದಿಯ ಇಟ್ಟಿಗೆ ಗುಡಿಗಳು, ಎಂಟನೆಯ ಶತಮಾನದ ಆಸುಪಾಸಿನವು. ದೊಡ್ಡ ಗೋಪುರದೊಳಗೆ ಇಂದಿಗೂ ಲಿಂಗ ಪೂಜೆಯಿದೆ. ಪ್ರಾಚ್ಯವಸ್ತುವಾಗಿ ಉಳಿದದ್ದಲ್ಲ, ಭಕ್ತರಿದ್ದಾರೆ. ಚಂಪಾದವರ ವಂಶಸ್ಥರಾದ ಚಾಮರಲ್ಲಿ ಹಿಂದೂ ಸಂಪ್ರದಾಯದವರು ಅಕ್ಟೋಬರ್ ಸುಮಾರಿಗೆ ಕಾಟೆ ಹಬ್ಬ ಮಾಡುತ್ತಾರೆ, ದೇವರಿಗೆ ಬಟ್ಟೆ ಮೆರವಣಿಗೆಯಲ್ಲಿ ಬರುತ್ತದೆ. ಅವರು ಗೋಮಾಂಸ ತಿನ್ನುವುದಿಲ್ಲ. ನೀವು ಕೇಬಲ್ ಎಳೆಸಿದ ಬಾಕ್ ಬಿನ್ ಕಡೆ ಚಾಮರ ಹಳ್ಳಿಗಳೇ ಇವೆ.

ಇನ್ನೂ ಉತ್ತರಕ್ಕೆ, ನ್ಯಾ ಚಾಂಗ್ ಬಳಿಯ ವೊ ಕಾನ್‌ನಲ್ಲಿ ಸಿಕ್ಕ ಸಂಸ್ಕೃತ ಶಾಸನ ಆಗ್ನೇಯ ಏಷ್ಯಾದ ಅತ್ಯಂತ ಹಳೆಯ ಸಂಸ್ಕೃತ ಶಾಸನಗಳಲ್ಲಿ ಒಂದು. ವಿಷಯಾಂತರವಾಯಿತು, ನಿಲ್ಲಿಸುತ್ತೇನೆ.

ಹಸಿರೂಟ

ನಾನು ಸಸ್ಯಾಹಾರಿ. ಅಲ್ಲಿ ಎಲ್ಲದಕ್ಕೂ ಮೀನಿನ ರಸ ಹಾಕುತ್ತಾರಂತೆ, ನಿಜವೇ? ಅದರ ಹೆಸರು ಕೇಳಿಯೇ ನಮ್ಮ ಮನೆಯಲ್ಲಿ ಪ್ರವಾಸ ರದ್ದಾಗಿದೆ.

ಸೈಗಾನ್ ಸುಬ್ಬಣ್ಣ

ನಿಜ. ನುವೊಕ್ ಮಾಮ್. ಫಾನ್ ಥಿಯೆಟ್ ಅದರ ತವರು. ಸುಮಾರು ಮೂರು ಪಾಲು ಬೂತಾಯಿಯಂಥ ಸಣ್ಣ ಮೀನಿಗೆ ಒಂದು ಪಾಲು ಉಪ್ಪು ಬೆರೆಸಿ ಮರದ ಕೊಳಗದಲ್ಲೋ ಮಣ್ಣಿನ ಜಾಡಿಯಲ್ಲೋ ವರ್ಷಗಟ್ಟಲೆ ಇಡುತ್ತಾರೆ, ತಳದಿಂದ ಇಳಿದ ಕೆಂಪು ರಸವೇ ಅದು. ಆದರೂ ರದ್ದು ಮಾಡಬೇಕಿಲ್ಲ. 'ಆನ್ ಚಾಯ್' ಎಂದರೆ ಯಾವ ಅಂಗಡಿಯವರಿಗೂ ಅರ್ಥವಾಗುತ್ತದೆ. ಬೌದ್ಧರು ಹುಣ್ಣಿಮೆಗೆ, ತಿಂಗಳ ಮೊದಲ ದಿನಕ್ಕೆ ಮಾಂಸ ಬಿಡುತ್ತಾರೆ, ಅದಕ್ಕೆಂದೇ 'ಚಾಯ್' ಅಂಗಡಿಗಳಿವೆ. ಅಲ್ಲಿ ಸೋಯಾ ರಸ ಹಾಕುತ್ತಾರೆ.

ಮಲ್ಪೆ ಬಂದರು

ಅದು ಬೂತಾಯಿ ಅಲ್ಲ ಸುಬ್ಬಣ್ಣನವರೇ, ಕೊಲ್ಲತರು. ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ವರ್ಷವಿಟ್ಟರೆ ಮುಗಿದೇ ಹೋಯಿತು.

ಸೈಗಾನ್ ಸುಬ್ಬಣ್ಣ

ಸರಿ ಸ್ವಾಮಿ, ಕೊಲ್ಲತರು. ಘಟ್ಟದ ಮೇಲಿನವನು ಮೀನಿನ ಹೆಸರು ಹೇಳಲು ಹೋಗಬಾರದು.

ಉಪ್ಪುಗಾಳಿ

ಹೋಗಿ ಬಂದೆ. ಸುಬ್ಬಣ್ಣನವರ ಮಾತಿನಂತೆ ಟೆಟ್ ಬಿಟ್ಟು ಯೊಗೇ ಹೋದೆ, ಅದು ಅವರ ಎರಡನೆಯ ತಿಂಗಳಲ್ಲಿತ್ತು. ಬರಹ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಊರು. ಅದೀಗ ಬಿನ್ ಥುವಾನ್ ಪ್ರಾಂತ್ಯದಲ್ಲಿಲ್ಲ! 2025ರ ಜುಲೈ 1ರಿಂದ 63 ಪ್ರಾಂತ್ಯಗಳನ್ನು 34ಕ್ಕೆ ಇಳಿಸಿದ್ದಾರೆ. ಬಿನ್ ಥುವಾನ್ ಈಗ ಲಾಮ್ ಡಾಂಗ್‌ನ ಭಾಗ, ಅದರ ರಾಜಧಾನಿ ಬೆಟ್ಟದ ಮೇಲಿನ ದಾಲತ್. ಚಳಿಗೆ ಸ್ವೆಟರ್ ಹಾಕುವವರೂ ಮೀನಿಗೆ ಐಸ್ ಹಾಕುವವರೂ ಒಂದೇ ಪ್ರಾಂತ್ಯ. ಜಿಲ್ಲೆ ಎನ್ನುವ ಹಂತವನ್ನೇ ತೆಗೆದಿದ್ದಾರೆ, ಹಾಗಾಗಿ ನನ್ನ ಬಳಿ ಇದ್ದ ವಿಳಾಸದಲ್ಲಿ ಬೀದಿಯ ಹೆಸರು ಬಿಟ್ಟು ಬೇರೇನೂ ಉಳಿದಿರಲಿಲ್ಲ.

ಬೀದಿಯಿದ್ದರೂ ಅಂಗಡಿ ಇಲ್ಲ. ಹಾಮ್ ಟಿಯೆನ್‌ನಲ್ಲಿ ನಾಲ್ಕು ಮೇಜಿದ್ದ ಜಾಗದಲ್ಲಿ ಈಗ ಕಾಂಕ್ರೀಟಿನ ಮೆಟ್ಟಿಲು ತಡೆಗೋಡೆ, ಅದಕ್ಕೆ ನೇರವಾಗಿ ಅಲೆ ಬಡಿಯುತ್ತದೆ. ಮರಳನ್ನು ಸಮುದ್ರ ತಿಂದಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೀಸುವ ಈಶಾನ್ಯದ ಗಾಳಿ ಪಟ ಕಟ್ಟಿಕೊಂಡು ಅಲೆಯ ಮೇಲೆ ಜಾರುವ ಆಟಗಾರರಿಗೆ ಹಬ್ಬ, ದಡಕ್ಕೆ ಅದೇ ಶನಿ. ಒಬ್ಬರು ಗೋಡೆ ಕಟ್ಟಿದರೆ ಪಕ್ಕದವರ ಮರಳು ಹೋಗುತ್ತದೆ, ಅವರೂ ಕಟ್ಟುತ್ತಾರೆ. ಮರವಂತೆ, ಉಳ್ಳಾಲ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಅಕ್ಕನವರು ಮೂಯಿ ನೆಯ ಮೀನುಗಾರರ ಕೇರಿಗೆ, ಒಂದು ಓಣಿಯೊಳಗೆ ಹೋಗಿದ್ದಾರೆ. ಇದನ್ನು ಝಾಲೋದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಕೇಳಿದರೆ, 'ಹೇಳಿದ್ದರೆ ನೀನು ದುಡ್ಡು ಕಳಿಸುತ್ತಿದ್ದೆ' ಎಂದರು.

ಬಾಗಿಲಲ್ಲಿ ಮೊದಲ ಮಾತು 'ದಪ್ಪಗಾಗಿದ್ದೀಯ.' ಎರಡನೆಯದು 'ಸಂಬಳ ಎಷ್ಟು?' ಮೂರನೆಯದು 'ಒಂದೇ ಮಗು ಯಾಕೆ?' ಎಲ್ಲ ಫೋನಿನ ಭಾಷಾಂತರದಲ್ಲಿ, ಹೆಣ್ಣು ಧ್ವನಿಯ ಇಂಗ್ಲಿಷಿನಲ್ಲಿ. ಆಮೇಲೆ ಎಲ್ಲರೂ ಸುಮ್ಮನಾದೆವು. ಮೊದಲ ಸಂಜೆ ನಿಜಕ್ಕೂ ಕಷ್ಟವಾಯಿತು. ಅಕ್ಕ ಹಣ್ಣು ಹೆಚ್ಚುತ್ತಲೇ ಇದ್ದರು, ನಾನು ತಿನ್ನುತ್ತಲೇ ಇದ್ದೆ. ಬರಿ ಓದುಗರ ಪ್ರಶ್ನೆ ತಲೆಯಲ್ಲಿ ಎರಡು ಸುತ್ತು ಹೊಡೆಯಿತು.

ಭಾವ ದೋಣಿಯ ಪಾಲು ಮಾರಿ ಹಳೆಯ ಜೀಪು ಕೊಂಡಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಪ್ರವಾಸಿಗರನ್ನು ಬಾವ್ ಚಾಂಗ್‌ನ ಬಿಳಿ ಮರಳ ದಿಬ್ಬಗಳಿಗೆ ಸೂರ್ಯೋದಯ ತೋರಿಸಲು ಒಯ್ಯುವುದು, ಸಂಜೆ ಕೆಂಪು ದಿಬ್ಬಕ್ಕೆ. ನಾನಿದ್ದ ಕಾಲದಲ್ಲಿ ಫಲಕಗಳೆಲ್ಲ ರಷ್ಯನ್ ಭಾಷೆಯಲ್ಲಿದ್ದವು. 2022ರ ಉಕ್ರೇನ್ ಯುದ್ಧದ ನಂತರ ರಷ್ಯನ್ನರು ಬರುವುದು ನಿಂತಿತು, ಈಗ ಮತ್ತೆ ಬರುತ್ತಿದ್ದಾರೆ. ನಡುವೆ ಕೊರಿಯಾದವರು ತುಂಬಿಕೊಂಡರು. ಆಗ ನನ್ನ ಹೆಲ್ಮೆಟ್ ಹಾಕಿಕೊಂಡು ಅಂಗಳದಲ್ಲಿ ಓಡಾಡುತ್ತಿದ್ದ ಹುಡುಗ ಈಗ ಫೋನಿನಲ್ಲಿ ಕೊರಿಯನ್ ಭಾಷೆಯಲ್ಲಿ ಜೀಪಿನ ದರ ಹೇಳುತ್ತಾನೆ.

ಒಂದು ಬೆಳಿಗ್ಗೆ ಜೀಪಿನಲ್ಲಿ ಖಾಲಿ ಸೀಟಿತ್ತು, ಹೋದೆ. ದಾರಿಯಲ್ಲಿ ನಮ್ಮ ಸ್ಥಾವರ. ಭಾವ ಗಾಡಿ ನಿಧಾನ ಮಾಡಿ, ಹಿಂದಿದ್ದ ಕೊರಿಯಾ ದಂಪತಿಗೆ ಫಲಕಗಳ ಸಾಲು ತೋರಿಸಿ, ನನ್ನ ಭುಜ ತಟ್ಟಿ ಏನೋ ಹೇಳಿದರು. ಅವರು ನನಗೆ ಚಪ್ಪಾಳೆ ತಟ್ಟಿದರು. ಇಡೀ ಸ್ಥಾವರವನ್ನು ನಾನೊಬ್ಬನೇ ಕಟ್ಟಿದೆ ಎಂದು ಹೇಳಿರಬೇಕು. ತಿದ್ದಲು ಭಾಷೆಯೂ ಇರಲಿಲ್ಲ, ಮನಸ್ಸೂ ಇರಲಿಲ್ಲ.

ಇನ್ನು ಯೊ. ಹಿಂದಿನ ದಿನವೇ ಓಣಿಯ ಹೆಂಗಸರೆಲ್ಲ ಬಂದು ಕುಳಿತರು. ಗುಳಿಗಳ ಮಣ್ಣಿನ ಹೆಂಚನ್ನು ಇದ್ದಿಲ ಮೇಲೆ ಇಟ್ಟು ಅಕ್ಕಿ ಹಿಟ್ಟಿನ ಬಾನ್ ಕಾನ್ ಹುಯ್ಯುವ ಕೆಲಸ ಅಕ್ಕನದು. ಹಿಟ್ಟು ಹುಯ್ದು ಮುಚ್ಚಳ ಹಾಕಿ, ಇನ್ನೊಂದು ಗುಳಿಗೆ ಹೋಗುವಷ್ಟರಲ್ಲಿ ಮೊದಲನೆಯದು ಬೆಂದಿರುತ್ತದೆ. ಚಾಕುವಿನ ತುದಿಯಲ್ಲಿ ಅಂಚು ಬಿಡಿಸಿ ಎರಡೆರಡನ್ನು ಮುಖಾಮುಖಿ ಜೋಡಿಸಿ ಇಡುತ್ತಾರೆ. ಪೀಠದ ಮೇಲೆ ಮುದುಕರ ಚಿತ್ರ. ಮುಂದೆ ಬೇಯಿಸಿದ ಕೋಳಿ, ಹುರಿದ ಕಣವೆ, ಅನ್ನ, ಹಣ್ಣು, ಜೊತೆಗೆ ಒಂದು ಲೋಟ ಕಪ್ಪು ಕಾಫಿ, ಹೊತ್ತಿಸಿದ ಒಂದು ಸಿಗರೇಟು. ವೈದ್ಯರು ಬಿಡಿಸಿದ್ದ ಸಿಗರೇಟು ಸತ್ತ ಮೇಲೆ ವಾಪಸು ಸಿಕ್ಕಿದೆ.

ನನ್ನ ಮೈಸೂರು ಊದುಬತ್ತಿಗೆ ಒಂದು ಪರೀಕ್ಷೆ ನಡೆಯಿತು. ಬೂದಿ ಉದುರದೆ ಸುರುಳಿಯಾಗಿ ನಿಂತರೆ ಹಿರಿಯರು ಒಪ್ಪಿದರು ಎಂದು ಅವರ ಲೆಕ್ಕ. ನಮ್ಮದು ಮೂರು ನಿಮಿಷದಲ್ಲಿ ಪಟ್ಟನೆ ಉದುರಿತು. ಮನೆಯ ಅಜ್ಜಿ ನೋಡಿದರು, ಏನೂ ಹೇಳಲಿಲ್ಲ. ಉಳಿದ ಪೊಟ್ಟಣವನ್ನು ಎತ್ತಿ ಬಚ್ಚಲು ಮನೆಯ ಕಿಟಕಿಯಲ್ಲಿ ಇಟ್ಟರು. ವಾಸನೆ ಚೆನ್ನಾಗಿದೆ ಎಂದು ಆಮೇಲೆ ಅಕ್ಕ ಸಮಾಧಾನ ಹೇಳಿದರು.

ಮುದುಕರ ದೋಣಿಯ ಇಬ್ಬರು ಜೊತೆಗಾರರು ಬಂದಿದ್ದರು. ಅವರೇ ಮರುದಿನ ಫಾನ್ ಥಿಯೆಟ್‌ನ ವಾನ್ ಥುಯ್ ಟು ಗುಡಿಗೆ ಕರೆದೊಯ್ದರು. 1762ರಲ್ಲಿ ಕಟ್ಟಿದ್ದು, ದೇವರು ತಿಮಿಂಗಿಲ. ಒಳಗೆ 22 ಮೀಟರ್ ಉದ್ದದ ಅಸ್ಥಿಪಂಜರವಿದೆ. ಸತ್ತ ತಿಮಿಂಗಿಲವನ್ನು ಮೊದಲು ಕಂಡ ಮೀನುಗಾರ ಅದಕ್ಕೆ ಹಿರಿಯ ಮಗನಾಗಿ ಸೂತಕ ಆಚರಿಸಬೇಕು, ಹೂಳಿ, ವರ್ಷಗಳ ನಂತರ ಎಲುಬು ತೆಗೆದು ಗುಡಿಗೆ ತರುತ್ತಾರೆ. ಹರೆಯದಲ್ಲಿ ಮುದುಕರೂ ಒಮ್ಮೆ ಹಾಗೆ ತಲೆಗೆ ಬಿಳಿ ಬಟ್ಟೆ ಕಟ್ಟಿದ್ದರಂತೆ. ಒಂದೇ ಮನೆಯಲ್ಲಿದ್ದಾಗ ಇದು ನನಗೆ ಗೊತ್ತೇ ಇರಲಿಲ್ಲ.

ಮಲ್ಪೆ ಬಂದರು

ಹಿರಿಯ ಮಗನಾಗಿ! ನಾಳೆ ಬಂದರಿನಲ್ಲಿ ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ತಿಮಿಂಗಿಲ ದಡಕ್ಕೆ ಬಿದ್ದರೆ ಮೊದಲು ಬರುವುದು ಮೊಬೈಲ್ ಹಿಡಿದವರು.

ಸೈಗಾನ್ ಸುಬ್ಬಣ್ಣ

ಬಚ್ಚಲು ಮನೆಯ ಕಿಟಕಿ! ಆ ಸಲಹೆಗೆ ನಾನೇ ಹೊಣೆ. ಆದರೆ ಅಜ್ಜಿ ಬಿಸಾಡಲಿಲ್ಲ, ಗಮನಿಸಿ.

ಹಣದ ವಿಚಾರ ಏನು ಮಾಡಿದಿರಿ?

ಉಪ್ಪುಗಾಳಿ

ಯೊಗೆ ಬಂದವರು ಪೀಠದ ಬಳಿ ಲಕೋಟೆ ಇಡುತ್ತಿದ್ದರು, ನಾನೂ ಇಟ್ಟೆ. ಎಲ್ಲರೂ ಇಟ್ಟಷ್ಟೇ, ಹುಡುಗನನ್ನು ಗುಟ್ಟಾಗಿ ಕೇಳಿಕೊಂಡು. ಹೆಚ್ಚಿಟ್ಟರೆ ಮತ್ತೆ ಬಾಡಿಗೆದಾರನಾಗುತ್ತಿದ್ದೆ. ಮಲಗಿದ್ದು ಓಣಿಯ ತುದಿಯ ಸಣ್ಣ ಹೋಟೆಲಿನಲ್ಲಿ. ಅಕ್ಕನಿಗೆ ಪೊಲೀಸ್ ನೋಂದಣಿಯ ನೆಪ ಹೇಳಿದೆ. ಮುಖ ಸಣ್ಣದಾಯಿತು, ಆದರೆ ಎರಡೇ ಕೋಣೆಯ ಮನೆ ಅದು. ನಾನು ಒಂದರಲ್ಲಿ ಮಲಗಿದ್ದರೆ ಅಜ್ಜಿ ಜಗಲಿಯಲ್ಲಿ ಮಲಗುತ್ತಿದ್ದರು.

ಬರಿ ಓದುಗ

ಜೀಪಿನ ಭಾಗವನ್ನು ಎರಡು ಸಲ ಓದಿದೆ. ನನ್ನ ಪ್ರಶ್ನೆಯನ್ನು ಹಿಂದಕ್ಕೆ ಪಡೆಯುವುದಿಲ್ಲ, ಆದರೆ ಇನ್ನು ಕೇಳುವುದಿಲ್ಲ.

ಮಲೆನಾಡಿನ ಮಳೆ

ಅಕ್ಕ ಏನು ಕೊಟ್ಟು ಕಳಿಸಿದರು? ಬರಿಗೈಯಲ್ಲಿ ಕಳಿಸುವ ಹೆಂಗಸಿನಂತೆ ಕಾಣುವುದಿಲ್ಲ.

ಉಪ್ಪುಗಾಳಿ

ಒಂದು ಬಿಸಿಲಿಗೆ ಒಣಗಿಸಿದ ಕಣವೆ, ಎರಡು ಬಾಟಲಿ ನುವೊಕ್ ಮಾಮ್. ಬಾಟಲಿಗೆ ಟೇಪು, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಭಾವನ ಹಳೆಯ ಅಂಗಿ. ಆದರೂ ವಿಮಾನದವರು ಒಪ್ಪಲಿಲ್ಲ, ಅದನ್ನು ಕೈಚೀಲದಲ್ಲಂತೂ ಬಿಡುವುದೇ ಇಲ್ಲ. ಸೈಗಾನಿನಲ್ಲೇ ಒಬ್ಬರಿಗೆ ಕೊಟ್ಟು ಬಂದೆ. ಆ ಒಬ್ಬರು ಯಾರೆಂದು ಅವರೇ ಹೇಳಲಿ.

ಸೈಗಾನ್ ಸುಬ್ಬಣ್ಣ

ಒಂದು ಬಾಟಲಿ ಮುಗಿಯುತ್ತಾ ಬಂದಿದೆ. ಅಂಗಿಯನ್ನು ಒಗೆದು ಇಟ್ಟಿದ್ದೇನೆ, ಮುಂದಿನ ಸಲ ಬಂದಾಗ ಒಯ್ಯಿರಿ.

ಹಸಿರೂಟ

ನಮ್ಮ ಮನೆಯಲ್ಲಿ ಪ್ರವಾಸ ಮತ್ತೆ ಊರ್ಜಿತವಾಗಿದೆ. ವೀಸಾ, ಸೈಗಾನಿನಿಂದ ಮೂಯಿ ನೆಗೆ ದಾರಿ, ಎರಡನ್ನೂ ಸ್ವಲ್ಪ ಹೇಳಿ. ಅಕ್ಟೋಬರ್‌ನಲ್ಲಿ ಹೋದರೆ ಕಾಟೆ ಹಬ್ಬ ಸಿಗಬಹುದೇ?

ಉಪ್ಪುಗಾಳಿ

ಇ-ವೀಸಾ ಸಾಕು. 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡುತ್ತಾರೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಸರ್ಕಾರಿ ಜಾಲತಾಣದಲ್ಲೇ ಹಾಕಿ, ಮಧ್ಯವರ್ತಿ ಬೇಡ. ಸೈಗಾನಿನಿಂದ ಮಲಗುವ ಬಸ್ಸುಗಳಿವೆ. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ, ಅದನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳಿ. ಹಿಂದೆ ಐದಾರು ಗಂಟೆ ಹಿಡಿಯುತ್ತಿತ್ತು, ಹೊಸ ಹೆದ್ದಾರಿಯಲ್ಲಿ ಈಗ ತುಂಬಾ ಕಡಿಮೆ. ಫಾನ್ ಥಿಯೆಟ್‌ವರೆಗೆ ರೈಲೂ ಇದೆ.

ಕಾಟೆಯ ದಿನ ಚಾಮ್ ಪಂಚಾಂಗದ ಮೇಲೆ ನಿಂತಿದೆ, ಟಿಕೆಟ್ ತೆಗೆಯುವ ಮೊದಲು ಕಲ್ಲುಬರಹದವರನ್ನು ಕೇಳಿ. ಜೀಪು ಬೇಕಾದರೆ ಖಾಸಗಿ ಸಂದೇಶ ಕಳಿಸಿ, ಭಾವನ ಸಂಖ್ಯೆ ಕೊಡುತ್ತೇನೆ. ದರದಲ್ಲಿ ಚೌಕಾಸಿ ಮಾಡಿ, ನನ್ನ ಹೆಸರು ಹೇಳಬೇಡಿ. ಹೇಳಿದರೆ ಹಣವನ್ನೇ ತೆಗೆದುಕೊಳ್ಳುವುದಿಲ್ಲ, ಡೀಸೆಲ್ ಅವರ ತಲೆಗೆ ಬರುತ್ತದೆ.